ಊರೆಲ್ಲ ನಮ್ಮ ಮಾವನವರ ಹಲ್ಲು

ಒಂದು ಸೋಮವಾರ ಬೆಳಿಗ್ಗೆ ನಮ್ಮ ಅತ್ತೆ ಮುಂದಿನ ಕೋಣೆಯ ಗೋಡೆಯಿಂದ ಮಾವನವರ ಫೋಟೋ ಇಳಿಸಿ, ಮೆಟ್ಟಿಲ ಕೆಳಗೆ ಕೆಟ್ಟುಹೋದ ಟೇಬಲ್ ಫ್ಯಾನಿನ ಪಕ್ಕದಲ್ಲಿ ಮುಖ ಗೋಡೆಗೆ ಮಾಡಿ ಇಟ್ಟುಬಿಟ್ಟರು. ಧೂಳು ಒರೆಸೋಕೆ ಇಳಿಸಿ ಮರೆತಿರಬೇಕು ಎಂದುಕೊಂಡು ನಾನು ಒರೆಸಿ ತಂದು ಮತ್ತೆ ಮೊಳೆಗೆ ಹಾಕಿದೆ. ಸ್ನಾನ ಮುಗಿಸಿ ಬಂದವರು ಅದನ್ನು ನೋಡಿದರು, ಸ್ಟೂಲ್ ಎಳೆದರು, ಮತ್ತೆ ಇಳಿಸಿದರು. ಈ ಸಲ ಮೊಳೆಯನ್ನೂ ಕಿತ್ತರು. ಮುಂದಿನ ಹಲ್ಲು ನೆಟ್ಟಗಿದ್ದಿದ್ದರೆ ಅದನ್ನು ಹಲ್ಲಿನಿಂದಲೇ ಕೀಳುತ್ತಿದ್ದರು. ಔಷಧಿ ಬಾಟಲಿಯ ಮುಚ್ಚಳ, ಗಂಟು ಬಿದ್ದ ದಾರ, ಜಾಮ್ ಆದ ಜಿಪ್, ಎಲ್ಲವನ್ನೂ ಹಲ್ಲಿಗೆ ಕೊಟ್ಟು ಕೊಟ್ಟು ನಮ್ಮ ಅತ್ತೆ ಮುಂದಿನ ಹಲ್ಲುಗಳನ್ನು ಅರ್ಧರ್ಧ ಮುರಿದುಕೊಂಡವರು.

"ಯಾಕೆ ಅತ್ತೆ, ಏನಾಯ್ತು?" ಎಂದೆ.

"ನಿನ್ನ ಮಾವ ಒಳ್ಳೆಯವರಲ್ಲ ಕಣೇ," ಎಂದರು.

ಮಾವನವರು ತೀರಿಕೊಂಡು ವರ್ಷಗಳೇ ಆಗಿವೆ. ತೀರಿಕೊಂಡವರು ಇದ್ದಕ್ಕಿದ್ದಂತೆ ಕೆಟ್ಟವರಾಗುವುದು ಹೇಗೆ? ಬದುಕಿದ್ದಾಗಲಂತೂ ಅವರಷ್ಟು ಸಾಧು ಮನುಷ್ಯರನ್ನು ನಾನು ಕಂಡಿಲ್ಲ. ತೂಕದ ಯಂತ್ರ ರಿಪೇರಿ ಮಾಡುವುದು ಅವರ ಕೆಲಸ. ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿ ಅಂಗಡಿ ಅಲೆಯುತ್ತಿದ್ದರು, ಒಮ್ಮೊಮ್ಮೆ ಪಕ್ಕದ ಊರುಗಳಿಗೂ ಹೋಗುತ್ತಿದ್ದರು. ಸಂಜೆ ಮನೆಗೆ ಬಂದು ಕಾಲು ನೀಡಿ ಕೂತು, ಅತ್ತೆ ಬೈಯುವುದನ್ನು ರೇಡಿಯೋ ಕೇಳುವ ಹಾಗೆ ಕೇಳುತ್ತಿದ್ದರು. ಕೊನೆಗೆ ಒಂದು ಸಲ ನಗುತ್ತಿದ್ದರು. ಬೈಗುಳ ಅಲ್ಲಿಗೇ ನಿಲ್ಲುತ್ತಿತ್ತು.

ಆ ನಗುವಿನ ವಿಷಯ ಹೇಳಲೇಬೇಕು. ಮುಂದಿನ ಎರಡು ಹಲ್ಲು ಕೊಂಚ ಅಗಲ. ಎಡಗಡೆ ಅವುಗಳ ಪಕ್ಕದ ಹಲ್ಲು ನೆಟ್ಟಗೆ ನಿಂತಿರಲಿಲ್ಲ. ಬಸ್ ಸ್ಟಾಪಿನಲ್ಲಿ ಗೆಳೆಯನ ಹೆಗಲಿಗೆ ಒರಗಿ ನಿಂತವನ ಹಾಗೆ ಮುಂದಿನ ಹಲ್ಲಿಗೆ ಒರಗಿತ್ತು. ನಕ್ಕಾಗ ಮೊದಲು ಕಾಣುವುದೇ ಆ ಸೋಮಾರಿ ಹಲ್ಲು. ನೋಡಿದವರಿಗೆ ತಾವೂ ನಗಬೇಕು ಅನ್ನಿಸುತ್ತಿತ್ತು.

"ಏನು ಮಾಡಿದರು ಅತ್ತೆ, ಮಾವ?"

"ಏನು ಮಾಡಿದರು ಅಂತ ಊರು ಸುತ್ತಿ ನೋಡು. ಬಸ್ ಕಂಡಕ್ಟರ್ ಇದ್ದಾನಲ್ಲ, ಮಾರ್ಕೆಟ್ ಬಸ್ಸಿನವನು, ಅವನು ನಕ್ಕರೆ ಅದೇ ನಗು. ಬ್ಯಾಂಕಲ್ಲಿ ಆ ಕನ್ನಡಕದ ಹುಡುಗಿ, ಅದೇ ನಗು. ಬಟ್ಟೆ ಅಂಗಡಿಯಲ್ಲಿ ಅಳತೆ ಹಿಡಿಯೋ ದಢಿಯ, ಅದೇ ನಗು. ನಿನ್ನೆ ಔಷಧಿ ಅಂಗಡಿಗೆ ಹೋಗಿದ್ದೆ. ಅಲ್ಲೂ ಒಬ್ಬಳು!" ಅತ್ತೆ ಕಿತ್ತ ಮೊಳೆಯನ್ನು ಸ್ಟೂಲಿನ ಮೇಲೆ ಕುಕ್ಕಿದರು. "ಕೆಲಸ ಕೆಲಸ ಅಂತ ಊರೂರು ತಿರುಗ್ತಿದ್ದರಲ್ಲ, ಈಗ ಗೊತ್ತಾಯ್ತು ಎಂಥ ಕೆಲಸ ಅಂತ. ಎಲ್ಲ ಕಡೆ ಮಕ್ಕಳನ್ನ ಬಿಟ್ಟು ಹೋಗಿದ್ದಾರೆ ಕಣೇ ಪುಣ್ಯಾತ್ಮ!"

ನನಗೆ ನಗು ಬಂತು. ತುಟಿ ಕಚ್ಚಿ ತಡೆದುಕೊಂಡೆ. ಆಮೇಲೆ ಅತ್ತೆಯ ಕಣ್ಣು ನೋಡಿದೆ. ನಗು ಅಲ್ಲೇ ಸತ್ತುಹೋಯಿತು. ರಾತ್ರಿಯೆಲ್ಲ ಅತ್ತಿದ್ದರು.

ಈ ಹಲ್ಲಿನ ರಹಸ್ಯ ಯಾರ ಹತ್ತಿರ ಇದೆ ಎನ್ನುವುದು ನನಗೆ ಆಗಲೇ ಹೊಳೆದಿತ್ತು. ನೆಟ್ಟಗೆ ಹಿತ್ತಲ ಕಡೆಯ ಕೋಣೆಗೆ ನಡೆದೆ.

ನಮ್ಮನೆಯವರು ಹಲ್ಲು ಮಾಡುವವರು. ಡಾಕ್ಟರಲ್ಲ. ಮುರಿದ ಹಲ್ಲಿಗೆ ಹಾಕುವ ಕ್ಯಾಪ್ ಮತ್ತು ಬಣ್ಣಗೆಟ್ಟ ಹಲ್ಲಿನ ಮೇಲೆ ಅಂಟಿಸುವ, ಉಗುರಿನಷ್ಟು ತೆಳುವಾದ ಪಿಂಗಾಣಿಯ ಪದರ ಮಾಡುವುದು ಅವರ ಕೆಲಸ. ಆ ಪದರಕ್ಕೆ ವಿನಿಯರ್ ಅನ್ನುತ್ತಾರೆ. ಮುಖ್ಯರಸ್ತೆಯ ಡಾಕ್ಟರಮ್ಮ ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದರೊಳಗೆ ಗಾರೆ ಕಲಸಿ ಸುರಿದು ದವಡೆಯ ಮಾದರಿ ಮಾಡಿಕೊಡುತ್ತೇನೆ. ನಮ್ಮನೆಯವರು ಅದರ ಮೇಲೆ ಪಿಂಗಾಣಿ ಪುಡಿಯನ್ನು ಸಣ್ಣ ಬ್ರಷ್ಷಿನಿಂದ ಕಟ್ಟಿ, ಒಲೆಯಲ್ಲಿ ಸುಟ್ಟು, ಉಜ್ಜಿ, ಮತ್ತೆ ಬಣ್ಣ ಕೊಟ್ಟು ಮತ್ತೆ ಸುಡುತ್ತಾರೆ. ಕೆಲಸ ಮುಗಿದ ಹಲ್ಲನ್ನು ನೋಡಿದರೆ ಹೆತ್ತ ತಾಯಿಗೂ ಗೊತ್ತಾಗಬಾರದು. ಕೋಣೆಯ ಶೆಲ್ಫುಗಳ ತುಂಬ ಗಾರೆಯ ದವಡೆಗಳು. ಅತ್ತೆ ಆ ಕೋಣೆಗೆ ಕಾಲಿಡುವುದಿಲ್ಲ. ಮುಖವೇ ಇಲ್ಲದ ಬಾಯಿಗಳು ಅವರನ್ನು ನೋಡಿ ಹಲ್ಲು ಕಿರಿಯುತ್ತವಂತೆ.

ನಮ್ಮನೆಯವರಿಗೆ ಮುಖಗಳು ನೆನಪಿರುವುದಿಲ್ಲ, ಹಲ್ಲುಗಳು ನೆನಪಿರುತ್ತವೆ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗ ನನ್ನ ಬಾಯನ್ನೇ ನೋಡುತ್ತಾ ಕೂತಿದ್ದರು. ಪಾಪ, ಮುಗ್ಧ ಮನುಷ್ಯ, ನನ್ನ ಮಾತಿಗೆ ಮರುಳಾಗಿದ್ದಾರೆ ಅಂದುಕೊಂಡಿದ್ದೆ. ಮದುವೆಯಾದ ಮೇಲೆ ಗೊತ್ತಾಯಿತು, ನನ್ನ ಕೋರೆಹಲ್ಲಿನ ತುದಿ ಅವರಿಗೆ ತುಂಬ ಹಿಡಿಸಿತ್ತಂತೆ.

"ರೀ, ಬ್ಯಾಂಕಿನ ಹುಡುಗಿಗೆ ಹಲ್ಲು ಮಾಡಿದ್ದು ನೀವೇನಾ?"

"ಯಾವ ಹುಡುಗಿ?" ಎಂದರು ತಲೆ ಎತ್ತದೆ.

"ಕನ್ನಡಕದವಳು. ಮುಂದೆ ಅಗಲ ಹಲ್ಲು, ಎಡಗಡೆಯದು ಒರಗಿಕೊಂಡಿದೆ."

"ಓ, ಅವಳಾ! ಮಾಡಿದೆ, ಮಾಡಿದೆ. ಚೆನ್ನಾಗಿ ಬಂದಿತ್ತು."

"ಬಸ್ ಕಂಡಕ್ಟರ್? ಬಟ್ಟೆ ಅಂಗಡಿ ದಢಿಯ? ಔಷಧಿ ಅಂಗಡಿಯವಳು?"

ಒಬ್ಬೊಬ್ಬರಿಗೂ ಹೆಮ್ಮೆಯಿಂದ ತಲೆಯಾಡಿಸಿದರು. ನಾನು ಅವರ ಮೇಜಿನ ಮೇಲಿನ ಶೆಲ್ಫಿನಲ್ಲಿ, ದೀಪದ ಬೆಳಕು ಬೀಳುವ ಜಾಗದಲ್ಲಿ ಇದ್ದ ಹಳೇ ದವಡೆಯನ್ನು ಕೈಗೆ ತಗೊಂಡೆ. ಅದು ಮಾವನವರದು. ನಮ್ಮನೆಯವರು ಕೆಲಸ ಕಲಿಯುತ್ತಿದ್ದಾಗ ಬಾಯಿ ಕೊಡಲು ಯಾರೂ ಸಿಗದೆ ಅಪ್ಪನನ್ನೇ ಕೂರಿಸಿ ಅಚ್ಚು ತೆಗೆದಿದ್ದರಂತೆ. ಮಾವನವರು ಬಾಯ್ತುಂಬ ಅಂಟು ತುಂಬಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಮಗ ಫೇಲಾಗಬಾರದು ಅಂತ ಅಲ್ಲಾಡದೆ ಕೂತಿದ್ದರಂತೆ.

"ಇದನ್ನ ನೋಡ್ಕೊಂಡು ಎಲ್ಲರಿಗೂ ಮಾಡಿದ್ರಾ?"

ನಮ್ಮನೆಯವರು ದವಡೆ ನೋಡಿದರು, ಬ್ರಷ್ ನೋಡಿದರು, ನನ್ನ ಕಡೆ ನೋಡಿದರು. ಮುಖ ಬಿಳಿಚಿಕೊಂಡಿತು. "ಎಲ್ಲರಿಗೂ ಅಲ್ವೇ. ಹಳೇ ಫೋಟೋ ತಂದವರಿಗೆ ಅವರದ್ದೇ ಥರ ಮಾಡ್ತೀನಿ. ಕೆಲವರ ಹತ್ತಿರ ಫೋಟೋ ಇರಲ್ಲ, ಡಾಕ್ಟರಮ್ಮ 'ನಿಮಗೆ ಚೆನ್ನಾಗಿ ಕಂಡ ಹಾಗೆ ಮಾಡಿ' ಅಂತಾರೆ. ನನಗೆ ಚೆನ್ನಾಗಿ ಕಂಡಿದ್ದು..." ಅಲ್ಲಿಗೆ ನಿಲ್ಲಿಸಿದರು. ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡು, "ನೋಡ್ಕೊಂಡು ಮಾಡಿದ್ದಲ್ಲ. ಕೈ ತಾನಾಗೇ ಹಾಗೆ ಹೋಗುತ್ತೆ," ಎಂದರು.

ಬೇರೆ ದಿನವಾಗಿದ್ದರೆ ಈ ಮಾತಿಗೆ ನನ್ನ ಕರುಳು ಕರಗುತ್ತಿತ್ತು. ಅವತ್ತು ಮೈಯೆಲ್ಲ ಉರಿಯಿತು. "ನಿಮ್ಮ ಕೈ ತಾನಾಗೇ ಹೋಗಿ ನಿಮ್ಮ ತಂದೆಗೆ ಊರು ತುಂಬ ಮಕ್ಕಳಾಗಿದ್ದಾರೆ! ಹೋಗಿ ನಿಮ್ಮ ತಾಯಿಗೆ ಹೇಳಿ, ಏಳಿ ಮೇಲೆ!" ಎಂದೆ.

ಹೋಗಿ ಹೇಳಿದರು. ಗಾರೆಯ ದವಡೆಯನ್ನೂ ಸಾಕ್ಷಿಗೆ ತಗೊಂಡು ಹೋಗಿದ್ದರು. ಅತ್ತೆ ಪೂರ್ತಿ ಕೇಳಿಸಿಕೊಂಡು ಮಗನ ತಲೆ ನೇವರಿಸಿದರು.

"ನಿನಗೆ ನಿಮ್ಮಪ್ಪನ ಮೇಲೆ ಪ್ರೀತಿ ಜಾಸ್ತಿ ಕಣೋ. ನನಗೆ ಗೊತ್ತಿಲ್ವಾ? ಅವರ ಮಾನ ಉಳಿಸೋಕೆ ನೋಡ್ತಿದ್ದೀಯ."

"ಇಲ್ಲಮ್ಮ, ನಿಜವಾಗ್ಲೂ ನಾನೇ ಮಾಡಿದ್ದು."

"ಊರಿನವರೆಲ್ಲ ಬಂದು ನಿಮ್ಮಪ್ಪನ ಹಲ್ಲು ಹಾಕಿಸ್ಕೊಳ್ಳೋಕೆ ಅವರೇನು ಸಿನಿಮಾ ನಟರೇನೋ? ತೂಕದ ಯಂತ್ರ ರಿಪೇರಿ ಮಾಡೋರು! ಆ ಗಾರೆ ಮುದ್ದೆ ಆಚೆ ತಗೊಂಡು ಹೋಗು, ನೆಲ ಈಗಷ್ಟೇ ಒರೆಸಿದ್ದೀನಿ."

ಡಾಕ್ಟರಮ್ಮನನ್ನು ಕೇಳಿದೆ. ಯಾರು ಯಾವ ಹಲ್ಲು ಹಾಕಿಸಿಕೊಂಡರು ಅಂತ ಬಾಯಿ ಬಿಡುವ ಹಾಗಿಲ್ಲವಮ್ಮ, ಎಂದರು. ಸರಿ, ಹಲ್ಲು ಹಾಕಿಸಿಕೊಂಡವರ ಬಾಯಿಂದಲೇ ಕೇಳಿಸೋಣ ಎಂದುಕೊಂಡು ಅತ್ತೆಯನ್ನು ಕರೆದುಕೊಂಡು ಮಾರ್ಕೆಟ್ ಬಸ್ಸು ಹತ್ತಿದೆ. ಈ ಕಂಡಕ್ಟರಿನ ಕ್ಯಾಪನ್ನು ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು ಡಾಕ್ಟರಮ್ಮನಿಗೆ ಕಳಿಸಿದವಳು ನಾನೇ. ಒಂದು ಮಾತು ಕೇಳಿದರೆ ಸಾಕು, ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದುಕೊಂಡ ಕಥೆಯನ್ನೆಲ್ಲ ಹೇಳುತ್ತಾನೆ, ಅತ್ತೆಯ ಅನುಮಾನ ಅಲ್ಲಿಗೇ ಇಳಿಯುತ್ತದೆ ಎಂದು ನನ್ನ ಲೆಕ್ಕಾಚಾರ.

ಅತ್ತೆ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಏನಪ್ಪ, ನಿಮ್ಮ ತಾಯಿ ಯಾವ ಊರಿನವರು?"

ಅವನು ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ, ಕೂದಲು ಸರಿಮಾಡಿಕೊಂಡ. ಮದುವೆಯಾಗದ ಹುಡುಗ. ಇಬ್ಬರು ಹೆಂಗಸರು ಬಂದು ತಾಯಿಯ ಊರು ಕೇಳಿದರೆ ಅವನಾದರೂ ಏನು ತಿಳಿದಾನು? ತಾಯಿಯ ಊರು ಹೇಳಿದ, ಅಜ್ಜಿಯ ಊರು ಹೇಳಿದ, ತಾನು ಸಿಗರೇಟ್ ಸೇದುವುದಿಲ್ಲ ಎಂದೂ ಹೇಳಿದ. ಮುಂದಿನ ಸೀಟಿನ ಮುದುಕರೊಬ್ಬರು ತಿರುಗಿ, "ಹುಡುಗ ಚಿನ್ನ ಕಣಮ್ಮ, ಕಣ್ಣು ಮುಚ್ಚಿ ಒಪ್ಕೊಳ್ಳಿ," ಎಂದರು.

"ಹಲ್ಲು ಚೆನ್ನಾಗಿವೆ," ಎಂದೆ ನಾನು, ಅವನಿಗೆ ದಾರಿ ಮಾಡಿಕೊಡುತ್ತಾ. "ಕ್ಯಾಪ್ ಹಾಕಿಸಿದ್ದೀರಾ?"

ಬಸ್ಸಿಗೆ ಬಸ್ಸೇ ಅವನ ಬಾಯಿ ನೋಡಿತು. ಕಂಡಕ್ಟರ್ ಕೆಂಪಗಾದ. "ಏ, ಕ್ಯಾಪಾ? ನನಗಾ? ಹುಟ್ಟಿನಿಂದ ಬಂದಿದ್ದು ಮೇಡಂ. ನಮ್ಮ ತಂದೆಯವರದ್ದೂ ಹೀಗೇ ಇದ್ವು. ನಮ್ಮ ಮನೆತನದ ಹಲ್ಲು!"

ಅತ್ತೆ ಕಿಟಕಿ ಕಡೆ ಮುಖ ತಿರುಗಿಸಿದರು. ಮುಂದಿನ ಸ್ಟಾಪಿನಲ್ಲಿ ಇಳಿದೆವು. ದಾರಿಯುದ್ದಕ್ಕೂ ಒಂದೇ ಒಂದು ಮಾತು ಆಡಿದರು: "ಕೇಳಿದೆಯಲ್ಲ, ತಂದೆಯವರದ್ದೂ ಹೀಗೇ ಅಂತೆ."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮನೆಗೆ ಬಂದು ಯೋಚಿಸಿದೆ. ಮಾವನವರ ಹಲ್ಲು ಇಟ್ಟುಕೊಂಡವರು ಯಾರಾದರೂ ಮಾವನವರಿಗಿಂತ ದೊಡ್ಡವರಿದ್ದಾರೆಯೇ? ಇದ್ದರು! ಹಿಂದಿನ ಬೀದಿಯ ನಿವೃತ್ತ ಹೆಡ್‌ಮಾಸ್ತರು. ಮಾವನವರಿಗೆ ಚಿಕ್ಕಂದಿನಲ್ಲಿ ಕಿವಿ ಹಿಂಡಿ ಪಾಠ ಹೇಳಿಕೊಟ್ಟವರು. ಇವರು ಮಾವನವರ ಮಗನಾಗಲು ಆ ಬ್ರಹ್ಮನಿಂದಲೂ ಸಾಧ್ಯವಿಲ್ಲ. ಓಡಿಹೋಗಿ ಅವರನ್ನು ಚಹಾಕ್ಕೆ ಕರೆದೆ.

ಮಾಸ್ತರು ಕೋಲೂರಿಕೊಂಡು ಬಂದರು, ಕುರ್ಚಿಯಲ್ಲಿ ಕೂತರು, ಕಪ್ ಕೈಗೆ ತಗೊಂಡು ಅತ್ತೆಯನ್ನು ನೋಡಿ ನಕ್ಕರು. ಸಾಕ್ಷಾತ್ ಮಾವನವರೇ. ನನಗೇ ಮೈ ಜುಂ ಎಂದಿತು. ಅತ್ತೆಯ ಕೈಯಲ್ಲಿದ್ದ ಬಿಸ್ಕತ್ತಿನ ತಟ್ಟೆ ಓರೆಯಾಯಿತು.

"ಮೇಷ್ಟ್ರೇ, ಹಲ್ಲು ಈ ವಯಸ್ಸಲ್ಲೂ ಎಷ್ಟು ಗಟ್ಟಿ ಇಟ್ಕೊಂಡಿದ್ದೀರಿ," ಎಂದೆ. ಈಗಲಾದರೂ ನಿಜ ಹೇಳಲಿ ಎಂದು ಮನಸ್ಸಿನಲ್ಲೇ ಕೈಮುಗಿದೆ.

"ಎಲ್ಲ ನನ್ನವೇ ತಾಯಿ!" ಎಂದರು ಮಾಸ್ತರು, ಬಿಸ್ಕತ್ತು ಕಟುಂ ಎನ್ನಿಸಿ. "ಒಂದೂ ಅಲ್ಲಾಡಿಲ್ಲ. ಶಿಸ್ತು! ಶಿಸ್ತಿದ್ದರೆ ಹಲ್ಲು ಎಲ್ಲಿಗೂ ಹೋಗಲ್ಲ."

ಜೀವನವಿಡೀ ಮಕ್ಕಳಿಗೆ ಸುಳ್ಳು ಹೇಳಬಾರದು ಅಂತ ಬರೆಸಿದ ಮನುಷ್ಯ! ಇರಲಿ, ಸುಳ್ಳು ಹೇಳಿದರೂ ವಯಸ್ಸನ್ನು ಮುಚ್ಚಿಡಲು ಆಗುತ್ತದೆಯೇ? ಅವರು ಹೋದ ಕೂಡಲೇ ಅತ್ತೆಯ ಕಡೆ ತಿರುಗಿದೆ. "ನೋಡಿದ್ರಾ ಅತ್ತೆ? ಈಗ ಹೇಳಿ, ಇವರು ಮಾವನ ಮಗನಾ?"

ಅತ್ತೆ ಯೋಚಿಸುತ್ತಾ ಕೂತರು. ಕಪ್ಪಿನ ಚಹಾ ಆರಿಹೋಯಿತು. ಗೆದ್ದೆ ಅಂದುಕೊಂಡು ನಾನು ಬೀಗುತ್ತಿದ್ದೆ.

"ಇಲ್ಲ," ಎಂದರು ಕೊನೆಗೆ. "ಮಗ ಅಲ್ಲ. ಅಣ್ಣ."

"ಹಾಂ?"

"ನಿನ್ನ ಮಾವನ ಅಪ್ಪನೂ ಅಂಥವರೇ ಕಣೇ. ವಂಶದಲ್ಲೇ ಇದೆ!"

ಹೇಳಿದವರೇ ಎದ್ದು ಹೋಗಿ ಒಳಗಿನ ಗೋಡೆಯಲ್ಲಿದ್ದ ತಮ್ಮ ಮಾವನ ಫೋಟೋವನ್ನೂ ಇಳಿಸಿದರು. ಪೇಟ ಕಟ್ಟಿ, ಮೀಸೆ ತಿರುವಿಕೊಂಡು ಕೂತಿದ್ದ ಆ ಹಿರಿಯರು, ಜನ್ಮದಲ್ಲಿ ತಪ್ಪೇ ಮಾಡದವರು, ಮೆಟ್ಟಿಲ ಕೆಳಗೆ ಫ್ಯಾನಿನ ಇನ್ನೊಂದು ಪಕ್ಕ ಜಾಗ ಹಿಡಿದರು.

ಅವತ್ತು ನಾನೂ ನಮ್ಮನೆಯವರೂ ಹಿತ್ತಲ ಕೋಣೆಯಲ್ಲಿ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲಿನ ದಿನಗಳಲ್ಲಿ ನಗು ಬರಲಿಲ್ಲ. ಅತ್ತೆ ಮಾವನವರ ಕುರ್ಚಿಯಿರುವ ಕಡೆ ಕೂರುವುದನ್ನು ಬಿಟ್ಟರು. ಅವರ ಹಳೇ ಶಾಲನ್ನು ನೆಲ ಒರೆಸಲು ಕೊಟ್ಟುಬಿಟ್ಟರು. ನಾನದನ್ನು ಬಚ್ಚಿಟ್ಟೆ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮನ್ನು ಬೈಯುವುದನ್ನೇ ನಿಲ್ಲಿಸಿದರು. ನಾನು ಬೇಕೆಂದೇ ಹಾಲು ಉಕ್ಕಿಸಿದೆ, ನಲ್ಲಿ ತೆರೆದಿಟ್ಟೆ, ಅವರ ಕಣ್ಣೆದುರೇ ಒದ್ದೆ ಟವೆಲ್ ಮಂಚದ ಮೇಲೆ ಎಸೆದೆ. ಊಹೂಂ. ಮಾವನವರು ಸತ್ತಾಗ ಅತ್ತೆ ಅತ್ತಿದ್ದರು, ಆದರೆ ಅವರ ಜೊತೆ ಬಾಳಿದ ವರ್ಷಗಳು ಅವರ ಹತ್ತಿರ ಉಳಿದಿದ್ದವು. ಈಗ ಅವೂ ಹೋಗುತ್ತಿದ್ದವು. ನನಗೆ ನಿಜವಾಗಿಯೂ ಭಯವಾಯಿತು.

"ಅದೇ ಹಲ್ಲನ್ನ ಬೇರೆ ಯಾರ ಬಾಯಲ್ಲಾದ್ರೂ ಅಮ್ಮನ ಕಣ್ಣೆದುರಿಗೇ ಕೂರಿಸಿ ತೋರಿಸ್ಬೇಕು," ಎಂದರು ನಮ್ಮನೆಯವರು. "ಸುಮ್ಮನೆ ಪರೀಕ್ಷೆಗೆ ಅಂತ ಹಾಕಿ ತೆಗೀಬಹುದು. ನಿನ್ನ ಬಾಯಿ ಸಾಕಾಗುತ್ತೆ."

"ನನ್ನ ಬಾಯಿಗೆ ನಿಮ್ಮಪ್ಪನ ಹಲ್ಲಾ?"

"ಸ್ವಲ್ಪ ಹೊತ್ತು ಅಷ್ಟೇ."

ಅತ್ತೆಗೋಸ್ಕರ ಅದಕ್ಕೂ ತಯಾರಾದೆ. ಅಷ್ಟರಲ್ಲಿ ಇನ್ನೊಂದು ವಿಷಯ ಹೊಳೆಯಿತು. "ಅಯ್ಯೋ ಬೇಡ! ನಾನು ಆ ನಗು ನಕ್ಕರೆ ಅತ್ತೆ ಏನಂತಾರೆ ಯೋಚ್ನೆ ಮಾಡಿ. ನಮ್ಮಮ್ಮನ ಊರಿಗೂ ಮಾವ ರಿಪೇರಿಗೆ ಹೋಗ್ತಿದ್ರು ಅಂತಾರೆ. ಆಮೇಲೆ ನಾನು ನಿಮಗೆ ತಂಗಿ ಆಗ್ತೀನಿ!"

ನಮ್ಮನೆಯವರು ಕೈಲಿದ್ದ ಬ್ರಷ್ ಕೆಳಗಿಟ್ಟರು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಊರಿನಲ್ಲಿ ಯಾರ ಬಾಯಲ್ಲಿ ಆ ಹಲ್ಲು ಕಂಡರೂ ಅತ್ತೆ ಅವರಿಗೊಂದು ಹುಟ್ಟಿನ ಕಥೆ ಕಟ್ಟಿಬಿಡುತ್ತಾರೆ. ಕಥೆ ಕಟ್ಟಲು ಆಗದ ಬಾಯಿ ಒಂದೇ ಒಂದು ಇತ್ತು.

"ಅತ್ತೆಯದೇ," ಎಂದೆ.

ಹೇಗೂ ಅತ್ತೆಯ ಮುಂದಿನ ಹಲ್ಲುಗಳು ಮುರಿದು ನಿಂತಿದ್ದವು. ಮಗ ಹಲ್ಲು ಮಾಡುವವನಾದರೂ ತಾಯಿ ಇಷ್ಟು ವರ್ಷ ಡಾಕ್ಟರ ಕುರ್ಚಿ ಹತ್ತಿರಲಿಲ್ಲ. ಕುರ್ಚಿಯ ವಿಷಯ ಎತ್ತಿದರೆ ಸಾಕು, ಬೆನ್ನುನೋವು ಬಂದುಬಿಡುತ್ತಿತ್ತು. ಈ ಸಲ ನಾನು ಸುತ್ತಿ ಬಳಸಿ ಮಾತಾಡಲಿಲ್ಲ. ಎದುರಿಗೆ ಕೂತು ಕೇಳಿದೆ: "ಅತ್ತೆ, ಮಾವ ಒಳ್ಳೆಯವರೋ ಅಲ್ಲವೋ, ನಿಮಗೆ ನಿಜ ಗೊತ್ತಾಗಬೇಕಾ, ಬೇಡವಾ?"

ಅತ್ತೆ ಸೆರಗು ಸರಿಮಾಡಿಕೊಂಡರು. "ಗೊತ್ತಾಗಬೇಕು," ಎಂದರು.

"ಹಾಗಾದ್ರೆ ನಡೀರಿ."

ಡಾಕ್ಟರಮ್ಮನ ಕೋಣೆಯಲ್ಲಿ ಅತ್ತೆ ಮಾಡಿದ ರಂಪ ಹೇಳತೀರದು. ಕುರ್ಚಿ ಹಿಂದಕ್ಕೆ ವಾಲಿದಾಗ "ಬಿದ್ದೆ, ಬಿದ್ದೆ!" ಎಂದು ನನ್ನ ಕೊರಳ ಸರ ಹಿಡಿದು ಜಗ್ಗಿದರು. ಮುಖದ ಮೇಲಿನ ದೀಪಕ್ಕೆ "ಆರಿಸ್ರಿ ಅದನ್ನ, ನಾನೇನು ಕಳ್ಳಿಯಾ?" ಎಂದು ಗದರಿದರು. ಅಚ್ಚಿನ ತಟ್ಟೆಯನ್ನು ಬಾಯಿಗಿಟ್ಟಾಗ ಡಾಕ್ಟರಮ್ಮನ ಬೆರಳನ್ನೇ ಕಚ್ಚಿದರು. ಅರ್ಧ ಹಲ್ಲಾದದ್ದು ಡಾಕ್ಟರಮ್ಮನ ಪುಣ್ಯ. "ಮೂಗಲ್ಲಿ ಉಸಿರಾಡಿ ಅಮ್ಮ, ಮೂಗಲ್ಲಿ," ಎಂದು ಅವರು ಬೇಡಿಕೊಳ್ಳುತ್ತಿದ್ದರೆ, ಅತ್ತೆ ಬಾಯ್ತುಂಬ ಅಂಟು ಇಟ್ಟುಕೊಂಡೇ ಏನೋ ಬೈಯುತ್ತಿದ್ದರು. ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಬೈಯುತ್ತಿದ್ದಾರಲ್ಲ ಎಂದು ನನಗೆ ಹಿಗ್ಗಾಯಿತು.

ಅಚ್ಚಿನಿಂದ ನಾನೇ ಗಾರೆಯ ದವಡೆ ಎರೆದೆ. ಅತ್ತೆಯ ಮುರಿದ ಹಲ್ಲಿನ ಮೇಲೆ ನಮ್ಮನೆಯವರು ಮೇಣದಿಂದ ಮಾವನವರ ಹಲ್ಲುಗಳನ್ನು ಕಟ್ಟಿದರು. ಆ ವಾರ ಪೂರ್ತಿ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಇಷ್ಟು ವರ್ಷ ತಾನಾಗೇ ಹೋಗುತ್ತಿದ್ದ ಕೈ, ಈಗ ಬೇಕೆಂದು ಕೂತಾಗ ಮಾತು ಕೇಳಲಿಲ್ಲವಂತೆ. ಆ ಸೋಮಾರಿ ಹಲ್ಲನ್ನು ಒಂದು ಸಲ ಹೆಚ್ಚು ಒರಗಿಸಿದರು, ಒಂದು ಸಲ ಕಡಿಮೆ ಮಾಡಿದರು, ಕೆರೆದು ತೆಗೆದು ಮತ್ತೆ ಕಟ್ಟಿದರು. ಮೇಣ ಮುಗಿದ ಮೇಲೆ ಅದರ ಮೇಲೆ ರಬ್ಬರಿನಂಥ ಅಚ್ಚು ತೆಗೆದರು. ಆ ಅಚ್ಚಿಗೆ ಹಲ್ಲಿನ ಬಣ್ಣದ ಪೇಸ್ಟ್ ತುಂಬಿ ಬಾಯಲ್ಲಿ ಒತ್ತಿ ಹಿಡಿದರೆ, ಸ್ವಲ್ಪ ಹೊತ್ತಿಗೆ ಗಟ್ಟಿಯಾಗಿ ಹಲ್ಲಿನ ಮೇಲೆ ಕೂರುತ್ತದೆ. ಕೊರೆಯುವುದು ಉಜ್ಜುವುದು ಏನೂ ಇಲ್ಲ. ಕನ್ನಡಿಯಲ್ಲಿ ನೋಡಿ, ಹಿಡಿಸಿದರೆ ಅದೇ ಆಕಾರದಲ್ಲಿ ಕ್ಯಾಪ್ ಮಾಡುವುದು, ಹಿಡಿಸದಿದ್ದರೆ ಬಿಡಿಸಿ ಎಸೆಯುವುದು.

ಆ ದಿನ ಅತ್ತೆ ಕುರ್ಚಿಯಲ್ಲಿ ಸದ್ದಿಲ್ಲದೆ ಕೂತರು. ನಮ್ಮನೆಯವರು ಬಾಗಿಲ ಬಳಿ ಗೋಡೆಗೆ ಅಂಟಿಕೊಂಡು ನಿಂತರು. ಡಾಕ್ಟರಮ್ಮ ಅಚ್ಚನ್ನು ಒತ್ತಿ ಹಿಡಿದರು, ಗಡಿಯಾರ ನೋಡಿದರು, ಮೆಲ್ಲಗೆ ಬಿಡಿಸಿದರು, ಅಂಚುಗಳಲ್ಲಿ ಉಳಿದ ಚೂರುಗಳನ್ನು ತೆಗೆದರು. ಆಮೇಲೆ ಹಿಡಿಕೆಯ ಕನ್ನಡಿಯನ್ನು ಅತ್ತೆಯ ಕೈಗೆ ಕೊಟ್ಟರು.

ಅತ್ತೆ ತುಟಿ ಬಿಗಿ ಹಿಡಿದಿದ್ದರು.

"ನಗಿ ಅತ್ತೆ," ಎಂದೆ.

"ನಗೋಕೆ ಏನಿದೆ ಇಲ್ಲಿ?"

ಆದರೆ ಆ ಮಾತು ಆಡಲು ಬಾಯಿ ತೆರೆದರಲ್ಲ, ಅಷ್ಟರಲ್ಲೇ ಕನ್ನಡಿಯಲ್ಲಿ ಕಂಡುಬಿಟ್ಟಿತು. ಅಗಲದ ಎರಡು ಹಲ್ಲು, ಪಕ್ಕದಲ್ಲಿ ಒರಗಿ ನಿಂತ ಇನ್ನೊಂದು. ಅತ್ತೆ ಬಾಯಿ ಮುಚ್ಚಿಕೊಂಡರು. ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಮತ್ತೆ ಕನ್ನಡಿ ಹತ್ತಿರ ತಂದು, ಬಾಗಿಲ ಸಂದಿಯಿಂದ ಇಣುಕುವವರ ಹಾಗೆ, ಚೂರೇ ಚೂರು ತುಟಿ ತೆರೆದರು. ಆಮೇಲೆ ಇನ್ನಷ್ಟು. ಆಮೇಲೆ ಪೂರ್ತಿ ನಕ್ಕರು. ನಮ್ಮ ಅತ್ತೆಯ ಸುಕ್ಕುಗಟ್ಟಿದ ಮುಖದ ನಡುವೆ ಮಾವನವರು ನಕ್ಕರು.

"ರೀ," ಎಂದರು ಅತ್ತೆ, ಕನ್ನಡಿಗೆ.

ನಮ್ಮನೆಯವರು ಗಾರೆ ಮೆತ್ತಿದ ತೋಳಿನಿಂದ ಮುಖ ಒರೆಸಿಕೊಂಡರು.

"ಅತ್ತೆ," ಎಂದೆ ಮೆಲ್ಲಗೆ, "ಈಗ ಹೇಳಿ. ನೀವು ಮಾವನಿಗೆ ಮಗಳಾ?"

"ಬಾಯಿ ಮುಚ್ಚೇ ಮುಂಡೇದೇ!" ಎಂದು ಗದರಿದರು. ಎಷ್ಟು ದಿನವಾಗಿತ್ತು ಅಂಥ ಬೈಗುಳ ಕೇಳಿ! ಗದರಿದವರೇ ಕನ್ನಡಿಯನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅಳುತ್ತಲೇ ಕನ್ನಡಿಯನ್ನು ಮತ್ತೆ ಮುಖದೆದುರು ತಂದು, "ಇಷ್ಟು ದಿನ ಬಾಯಿಗೆ ಬಂದ ಹಾಗೆ ಬೈದೆನಲ್ರೀ, ಒಂದು ಸಲವಾದ್ರೂ ಕನಸಲ್ಲಿ ಬಂದು ಇಲ್ಲ ಅನ್ನಬಾರದಿತ್ತಾ? ಬದುಕಿದ್ದಾಗಲೂ ಹೀಗೇ, ಬೈದರೆ ಸುಮ್ನೆ ಕೂರೋದು!" ಎಂದು ಜಗಳಕ್ಕೇ ನಿಂತರು. ಕನ್ನಡಿಯಲ್ಲಿ ಮಾವನವರ ಹಲ್ಲು ಅತ್ತೆಯ ಮಾತನ್ನು ಆಡುತ್ತಿದ್ದವು. ತಮ್ಮನ್ನು ತಾವೇ ಬೈದುಕೊಳ್ಳುವ ಮಾವನವರನ್ನು ನೋಡಿ ಡಾಕ್ಟರಮ್ಮನಿಗೂ ತಡೆಯಲಾಗಲಿಲ್ಲ, ಮಾಸ್ಕ್ ಒಳಗೇ ನಕ್ಕರು.

ಅತ್ತೆಗೆ ಸಮಾಧಾನವಾದ ಮೇಲೆ ಡಾಕ್ಟರಮ್ಮ ಕೇಳಿದರು. "ತುಂಬ ಚೆನ್ನಾಗಿ ಒಪ್ಪುತ್ತೆ ಅಮ್ಮ. ಇದೇ ಥರ ಕ್ಯಾಪ್ ಮಾಡಿಸಿಬಿಡೋಣವಾ?"

ನಮ್ಮನೆಯವರೂ ಮುಂದೆ ಬಂದರು. "ಮಾಡ್ತೀನಮ್ಮ. ಇಷ್ಟು ದಿನ ಮಾಡಿದ್ದಕ್ಕಿಂತ ಚೆನ್ನಾಗಿ ಮಾಡ್ತೀನಿ."

ಅತ್ತೆ ಕನ್ನಡಿಯನ್ನು ಮಡಿಲಲ್ಲಿ ಮಗುಚಿ ಇಟ್ಟರು. "ಬೇಡ," ಎಂದರು.

"ಯಾಕಮ್ಮ?"

"ನನ್ನ ಬಾಯೊಳಗೆ ಇಟ್ಕೊಂಡ್ರೆ ನಾನು ಹೇಗೋ ನೋಡ್ಲಿ ಅವರನ್ನ? ಕನ್ನಡಿ ಹಿಡ್ಕೊಂಡು ಊರು ತಿರುಗ್ಲಾ? ನನಗೆ ನನ್ನ ಹಲ್ಲೇ ಮಾಡ್ಕೊಡು. ಅವರು ಎದುರಿಗೆ ಬಂದು ನಕ್ಕರೆ ನಾನೂ ನಗೋಕೆ ಬೇಕಲ್ಲ." ಆಮೇಲೆ ಅನುಮಾನದಿಂದ ಕೇಳಿದರು. "ಮುರಿಯೋಕೆ ಮುಂಚೆ ನನ್ನ ಹಲ್ಲು ಹೇಗಿತ್ತು ಅಂತ ನೆನಪಿದೆಯೇನೋ ನಿನಗೆ?"

"ಇದೆ," ಎಂದರು ನಮ್ಮನೆಯವರು. ಮೂಗು ಎಳೆದುಕೊಂಡು, ತಪ್ಪಿತಸ್ಥರ ಹಾಗೆ ಕೈಕಟ್ಟಿ ನಿಂತರು. "ಇನ್ಮೇಲೆ ಯಾರಿಗೂ ಅಪ್ಪನ ಹಲ್ಲು ಮಾಡಲ್ಲಮ್ಮ."

"ಯಾಕೋ?" ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಎದ್ದು ಕೂತರು. "ನಮ್ಮ ಹಾಲಿನವನಿಗೆ ಮುಂದಿನ ಹಲ್ಲು ಎಲ್ಲ ಹುಳುಕು. ಅವನಿಗೆ ಹಾಕು. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಎದುರಿಗೆ ನಿಂತಿರ್ತಾನೆ."